ತಿರುಮಲೆಸಾಮಿಯ ಲಾಗರ್

ಸರ್ಕಾರ ಪಾನನಿಷೇಧ ತೆಗೆದ ವರ್ಷದಿಂದ ನಮ್ಮ ಸೂಲೂರು ಬೀದಿಯ ನೇಕಾರ ತಿರುಮಲೆಸಾಮಿ ಬೀರಿನ ಮಹಾಪಂಡಿತನಾದ. ಬೀದಿಗೆಲ್ಲ ಇದ್ದ ಒಂದೇ ಬಾವಿಗೆ ಹಗ್ಗ ಕಟ್ಟಿ ಬೀರಿನ ಬಾಟಲಿ ಇಳಿಸುವನು, ನಾವು ಬಿಂದಿಗೆ ತಂದರೆ ಸಾಕು, “ಮೆಲ್ಲ ಸೇದಕ್ಕಾ, ಒಳಗೆ ಲಾಗರ್ ಅದೆ!” ಎಂದು ಮಗ್ಗದ ಗುಂಡಿಯಿಂದಲೇ ಅರಚುವನು. ಸೆಕೆಯಲ್ಲಿ ಅವಸರವಾಗಿ ಹುಳಿಸಿದ ಬೀರು ಲಾಗರ್ ಅಲ್ಲವಂತೆ. ತಂಪಿನಲ್ಲಿ ವಾರಗಟ್ಟಲೆ ಇಟ್ಟು, ತಿಳಿಯಾಗಿ, ಹೊನ್ನಿನ ಬಣ್ಣಕ್ಕೆ ಬಂದದ್ದೇ ಲಾಗರಂತೆ. ಬಾಣಂತಿಗೂ ಇಷ್ಟು ಜೋಪಾನ ಸಿಗುವುದಿಲ್ಲ ಎಂದು ಹೆಂಗಸರೆಲ್ಲ ನಗುತ್ತಿದ್ದೆವು. ಒಂದು ದಿನ ನಾನೇ, “ಪಂಡಿತರೇ, ರುಚಿ ಹೆಂಗದಪ್ಪಾ?” ಎಂದೆ. ಅವನು ತಲೆ ಎತ್ತಲಿಲ್ಲ. “ನಾನು ನಾಲಗೆಗೂ ಇಟ್ಟಿಲ್ಲಕ್ಕಾ. ಅಳಿಯನಿಗೆ ಇದು. ಸಾರಾಯ ಕುಡಿದು ಬಂದ ದಿನ ಮಗಳಿಗೆ ಹೊಡೀತಾನೆ. ಇದರ ರುಚಿ ಹತ್ತಿದ್ರೆ ಅದ ಬಿಟ್ಟಾನೇನೋ ಅಂತ.”