ಅತ್ತಿಗೆ ಬರೆದ ದಾರಿಗಳು

ಹೋದ ವಾರ ಮಹಡಿಯ ಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಒಳಗಿನ ಫ್ಯಾನಿಗೆ ಬೂದು ಬಣ್ಣದ ಧೂಳು ದಪ್ಪಗೆ ಅಂಟಿಕೊಂಡಿತ್ತು. ಒರೆಸಲೆಂದು ಬಗ್ಗಿದಾಗ ಸಾಂಬ್ರಾಣಿಯ ವಾಸನೆ ಬಂತು. ಇಷ್ಟು ವರ್ಷಗಳಾದ ಮೇಲೂ... ಬಟ್ಟೆ ಹಿಡಿದ ಕೈ ಹಾಗೇ ನಿಂತಿತು.

ನಮ್ಮ ಅತ್ತಿಗೆ ಶುಕ್ರವಾರ ದೇವರ ಮನೆಗೆ ಧೂಪ ಹಾಕಿದ ಮೇಲೆ ಅದೇ ಬಟ್ಟಲನ್ನು ಮಹಡಿಗೂ ತಂದು, ಆ ಯಂತ್ರದ ಮುಂದೆ ಒಂದು ಸುತ್ತು ಆಡಿಸುತ್ತಿದ್ದರು. "ಹೊಗೆ ಹೋದ್ರೆ ಕೆಟ್ಟೋಗುತ್ತೆ ಅತ್ತಿಗೆ" ಎಂದರೆ, "ಮೂರೂರಿಗೆ ದಾರಿ ತೋರ್ಸುತ್ತೆ, ಒಂಚೂರು ಹೊಗೆ ತಡ್ಕೊಳಲ್ವಾ?" ಎನ್ನುತ್ತಿದ್ದರು.

ಎಲ್ಲ ಮಾಮೂಲಿಯಾಗಿದ್ದ ಕೊನೆಯ ದಿನವೂ ಶುಕ್ರವಾರವೇ. ಬೆಳಿಗ್ಗೆ ನಾನು ನಮ್ಮ ಕೊಡಿಗೇಹಳ್ಳಿಯಲ್ಲೇ, ರೈಲ್ವೆ ಹಳಿಯ ಕಡೆಯ ಒಂದು ಮನೆಯ ತಾರಸಿಯಲ್ಲಿ ಕೇಬಲ್ ಎಳೆಯುತ್ತಿದ್ದೆ. ಫೋನ್ ಬಂತು.

"ತಿಂಡಿ ಆಯ್ತಾ?"

"ಆಯ್ತು ಅತ್ತಿಗೆ. ಚಿತ್ರಾನ್ನ."

"ಹೋಟ್ಲಲ್ಲಾ? ಇಲ್ಲಿ ಕಾವಲಿ ಬಿಸಿ ಮಾಡ್ಕೊಂಡು ನಾನು ಯಾರಿಗ್ ಕಾಯ್ಲಿ? ಸರಿ ಬಿಡು. ಬ್ಯಾಟರಾಯನಪುರ ಬಿದ್ದಿದೆ, ನೆಟ್ಟಿಲ್ಲ. ಏಣಿ ತಗೊಂಡು ಹೊರಡು."

ನಮ್ಮ ಬೆಳಗುಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಎಲ್ಲಿ ಏನು ಬಿದ್ದಿದ್ದರೂ ಮೊದಲು ತಿಂಡಿಯ ವಿಚಾರ, ಆಮೇಲೆ ಕೆಲಸದ ವಿಚಾರ. ಆ ಮಧ್ಯಾಹ್ನ ನಾನು ಮನೆಗೆ ಬಂದಾಗ ಅತ್ತಿಗೆ ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಕೂತಿದ್ದರು. ಒಂದು ಕೈ ಗೋಡೆಯ ಮೇಲಿತ್ತು. ಧೂಪದ ಬಟ್ಟಲು ಪಕ್ಕದಲ್ಲಿ ಆರಿಹೋಗಿತ್ತು. "ಏನಿಲ್ಲ ಕಣೋ, ಉಸಿರು ಹಿಡೀತು" ಅಂದರು. ಆ ತಿರುವಿನಲ್ಲಿ ಅವರು ನಿಂತು ಹತ್ತುವುದನ್ನು ಎಷ್ಟೋ ತಿಂಗಳಿಂದ ನಾವೆಲ್ಲ ನೋಡಿದ್ದೆವು. ಅವರು ಕೂತಿದ್ದನ್ನು ನೋಡಿದ್ದು ಅವತ್ತೇ ಮೊದಲು. ಡಾಕ್ಟರು ಪರೀಕ್ಷೆ ಮಾಡಿ, ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಬೇಕು ಎಂದರು.

ನಮ್ಮಣ್ಣನದು ಮೊದಲು ಬರೀ ಕೇಬಲ್ ಟಿ.ವಿ. ಏರ್‌ಪೋರ್ಟು ಬಂದ ಹೊಸದರಲ್ಲಿ ಮನೆಮನೆಯವರೂ ಇಂಟರ್‌ನೆಟ್ ಕೇಳತೊಡಗಿದರು. ಅಣ್ಣನಿಗೂ ನನಗೂ ಕಂಬ ಹತ್ತುವುದು, ವೈರು ಎಳೆಯುವುದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅತ್ತಿಗೆ ಯಶವಂತಪುರದವರು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ್ದರು. ದುಬಾರಿ ರೌಟರ್ ಕೊಳ್ಳುವ ಬದಲು ಮೂರು ಹಳೆಯ ಕಂಪ್ಯೂಟರುಗಳಿಗೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿ ಅವನ್ನೇ ರೌಟರ್ ಮಾಡಿಕೊಂಡರು. ಒಂದು ನಮ್ಮ ಮನೆಯ ಮಹಡಿಯಲ್ಲಿ, ಒಂದು ಬ್ಯಾಟರಾಯನಪುರದ ಒಂದು ಕಟ್ಟಡದ ತಾರಸಿಯಲ್ಲಿ, ಇನ್ನೊಂದು ಹುಣಸಮಾರನಹಳ್ಳಿಯಲ್ಲಿ. ಬ್ಯಾಟರಾಯನಪುರಕ್ಕೆ ನಮ್ಮ ಮನೆಯಿಂದ ವೈರು ಹೋಗುತ್ತಿತ್ತು. ಹುಣಸಮಾರನಹಳ್ಳಿಗೆ ಎರಡೂ ಕಡೆಯಿಂದ, ವೈರಿಲ್ಲದೆ ಗಾಳಿಯಲ್ಲೇ ಸಿಗ್ನಲ್ ಕಳಿಸುವ ಡಿಶ್ ನಿಲ್ಲಿಸಿದ್ದೆವು.

ಗಿರಾಕಿಗಳು ಫೋನ್ ಮಾಡಿ, "ಸರ್ ಇಲ್ವಾ ಮೇಡಂ?" ಎಂದು ಕೇಳುತ್ತಿದ್ದರು. "ಸರ್ ಕಂಬದ ಮೇಲಿದಾರೆ. ನಿಮ್ ನೆಟ್ಟು ನನ್ ಕೈಲಿದೆ, ಹೇಳಿ" ಎನ್ನುತ್ತಿದ್ದರು ಅತ್ತಿಗೆ.

ಆಗ ದಾರಿಗಳೆಲ್ಲ ಅವರು ಕೈಯಾರೆ ಬರೆದವು. ಯಾವ ಏರಿಯಾಗೆ ಹೋಗಬೇಕಾದರೆ ಯಾವ ಕಡೆ ತಿರುಗಬೇಕು ಎಂದು ಯಂತ್ರಕ್ಕೆ ಒಂದೊಂದೇ ಸಾಲು ಟೈಪು ಮಾಡಿ ಹೇಳಬೇಕು. ಅದಕ್ಕೆ ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ. ಹೇಳಿದ ದಾರಿಯನ್ನು ಯಂತ್ರ ಬಿಡುವುದಿಲ್ಲ. ವೈರು ತುಂಡಾಗಿದ್ದರೂ ಅದೇ ಕಡೆ ಕಳಿಸುತ್ತಿರುತ್ತದೆ. ಆಗ ಅತ್ತಿಗೆ ಕೂತು ಆ ಸಾಲು ತೆಗೆದು, ಡಿಶ್ ಮೇಲಿನ ದಾರಿ ಬರೆಯಬೇಕು. ನಾನು ವೈರು ಸರಿಮಾಡಿದ ಮೇಲೆ ಮತ್ತೆ ಮೊದಲಿನ ಸಾಲು. ಏರ್‌ಪೋರ್ಟ್ ರಸ್ತೆಯ ಕೆಲಸ ನಡೆಯುತ್ತಿದ್ದ ಕಾಲ ಅದು, ವೈರು ತುಂಡಾಗದ ವಾರವೇ ಇರಲಿಲ್ಲ. ಹಾಗಾಗಿ ಅತ್ತಿಗೆ ಎಲ್ಲಿಗೂ ಹೋಗುವಂತಿರಲಿಲ್ಲ. ಸ್ವಂತ ತಂಗಿಯ ಮದುವೆಯಲ್ಲಿ ಒಬ್ಬಟ್ಟು ಬಡಿಸುವ ಹೊತ್ತಿಗೆ ಎಲೆ ಬಿಟ್ಟು ಎದ್ದು ಆಟೋ ಹತ್ತಿದ್ದರು.

ಆಪರೇಷನ್ ಗೊತ್ತಾದ ಮೇಲೆ ಅವರು ಹಿಡಿದದ್ದು ಒಂದೇ ಹಟ. ತಾನು ಆಸ್ಪತ್ರೆಯಲ್ಲಿದ್ದಾಗ ವೈರು ತುಂಡಾದರೆ ನೆಟ್‌ವರ್ಕು ತಾನೇ ಬೇರೆ ದಾರಿ ಹುಡುಕಿಕೊಳ್ಳಬೇಕು. ಅದಕ್ಕೆ ರೂಟಿಂಗ್ ಪ್ರೋಟೋಕಾಲ್ ಹಾಕಬೇಕು. ಅಣ್ಣ ಒಪ್ಪಲಿಲ್ಲ.

"ಓಡ್ತಾ ಇರೋದ್ನ ಯಾಕೆ ಮುಟ್ತೀಯೆ? ಇಂಗೇ ಇರ್ಲಿ ಬಿಡು. ವಾಪಸ್ ಬಂದ್ಮೇಲೆ ಮಾಡೀವಂತೆ."

"ವಾಪಸ್ ಬರೋವರ್ಗೂ ಯಾರ್ ನೋಡ್ತಾರೆ, ನೀವಾ? ಮೌಸ್ ಹಿಡ್ಕೊಂಡ್ರೆ ಕಟಿಂಗ್ ಪ್ಲೇಯರ್ ಹಿಡ್ಕೊಂಡಂಗ್ ಹಿಡ್ಕೋತೀರಾ!"

ಅಣ್ಣ ನಕ್ಕುಬಿಟ್ಟ. ಆದರೆ ಅವನು ಯಾಕೆ ಬೇಡವೆನ್ನುತ್ತಿದ್ದ ಎಂದು ನನಗೆ ಗೊತ್ತಿತ್ತು. ನನಗೂ ಹಾಗೇ ಅನ್ನಿಸುತ್ತಿತ್ತು. ಇವರಿಲ್ಲದೆ ಎಲ್ಲ ನಡೆಯುವ ಹಾಗೆ ಆಗಿಬಿಟ್ಟರೆ...

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಯಂತ್ರಗಳು ಪಕ್ಕದ ಯಂತ್ರಗಳ ಜೊತೆ ಮಾತಾಡಿಕೊಂಡು ದಾರಿ ತಿಳಿದುಕೊಳ್ಳುತ್ತವೆ ಎಂದರು. ಏನು ಮಾತಾಡುತ್ತವೆ ಎಂದು ಕೇಳಿದೆ.

"ಬೆಳಿಗ್ಗೆ ಕಾಂಪೌಂಡ್ ಹತ್ರ ನಿಂತ್ಕೊಂಡು ಪಕ್ಕದ್ಮನೆ ಆಂಟಿ ನಂಗೆ ಏನ್ ಕೇಳ್ತಾರೆ?"

"ತಿಂಡಿ ಆಯ್ತಾ ಅಂತ."

"ಅವ್ರಿಗೆ ನನ್ ತಿಂಡಿ ಕಟ್ಕೊಂಡು ಏನಾಗ್ಬೇಕು? ನಾನಿದ್ದೀನಿ, ನೀನಿದ್ಯಾ ಅಂತ ಅಷ್ಟೇ. ಇವೂ ಹಂಗೇ. ಸ್ವಲ್ಪ ಹೊತ್ತಿಗೊಂದ್ ಸಲ ಹಲೋ ಅಂತಿರುತ್ವೆ. ಆ ಕಡೆಯಿಂದ ಹಲೋ ಬಂದಿಲ್ಲ ಅಂದ್ರೆ ತಕ್ಷಣ ಗಾಬರಿ ಬೀಳಲ್ಲ, ಕಾಯುತ್ವೆ. ಮೂರ್ನಾಲ್ಕು ಸಲ ಬರ್ಲಿಲ್ಲ ಅಂದ್ರೆ, ಆ ಮನೇಲಿ ಯಾರೂ ಇಲ್ಲ ಅಂತ ಬರ್ಕೊಂಡು ಬೇರೆ ದಾರಿ ನೋಡ್ಕೋತ್ವೆ."

ಒಂದು ಸಂಜೆ ಮೂರೂ ಯಂತ್ರಗಳಿಗೆ ಅದನ್ನು ಹಾಕಿ ಮುಗಿಸಿದರು. ಮರುದಿನ ನನ್ನನ್ನು ಬ್ಯಾಟರಾಯನಪುರದ ತಾರಸಿಗೆ ಕಳಿಸಿದರು. ನಾನು ನಮ್ಮ ಮನೆಯ ಕಡೆಯ ವೈರು ಕಿತ್ತು ಹಿಡಿಯಬೇಕು, ಅವರು ಆ ಯಂತ್ರದಿಂದ ಉತ್ತರ ಬರುತ್ತದೋ ಇಲ್ಲವೋ ಎಂದು ಮನೆಯಲ್ಲಿ ಕೂತು ನೋಡಬೇಕು. ಫೋನನ್ನು ಸ್ಪೀಕರಿಗೆ ಹಾಕಿ ವೈರು ಕಿತ್ತೆ. ಸಂಡಿಗೆ ಒಣಗಿಸುತ್ತಿದ್ದ ಮನೆ ಓನರಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

"ಅಲ್ಲಪ್ಪಾ, ಚೆನ್ನಾಗಿರೋ ವೈರ್ ಯಾಕ್ ಕಿತ್ತೆ? ನನ್ ಧಾರಾವಾಹಿ ಹೋಯ್ತಾ?"

"ಅದು ಟಿ.ವಿ. ವೈರಲ್ಲ ಆಂಟಿ."

"ಅವ್ರಿಗೆ ಹೇಳು, ಇದು ನನ್ ಪರೀಕ್ಷೆ ಅಂತ" ಎಂದಿತು ಫೋನು. ಆಮೇಲೆ, "ಇಲ್ಲ... ಇಲ್ಲ... ಇನ್ನೂ ಇಲ್ಲ..."

ಎಷ್ಟು ಹೊತ್ತಾದರೂ ಬರಲಿಲ್ಲ. ಅತ್ತಿಗೆಯ ಉಸಿರು ಮಾತ್ರ ಫೋನಿನಲ್ಲಿ ಕೇಳುತ್ತಿತ್ತು. ನಾನು ವಾಪಸ್ ಹಾಕಲಾ ಎಂದೆ. ಅವರು ಇದ್ದಕ್ಕಿದ್ದಂತೆ ನಕ್ಕರು.

"ಅಯ್ಯೋ, ಹಳೇ ಸಾಲು ಹಂಗೇ ಇದೆ ಕಣೋ! ಅಳ್ಸೋದು ಮರ್ತೇ ಬಿಟ್ಟಿದೀನಿ."

ಆಗಿದ್ದು ಇಷ್ಟು. ನಮ್ಮ ಮಹಡಿಯ ಯಂತ್ರದ ವೈರು ಮೊದಲು ಪಕ್ಕದಲ್ಲೇ ಇರುವ, ವೈರುಗಳನ್ನು ಕೂಡಿಸುವ ಸ್ವಿಚ್ ಎಂಬ ಡಬ್ಬಿಗೆ ಹೋಗುತ್ತಿತ್ತು. ಅಲ್ಲಿಯ ತನಕ ಎಲ್ಲ ಸರಿಯಾಗಿಯೇ ಇತ್ತು, ದೂರದಲ್ಲಿ ನಾನು ಕಿತ್ತದ್ದು ಅದಕ್ಕೆ ಕಾಣದು. ಪಕ್ಕದವರು ಏನೇ ಹೇಳಿದರೂ, ಕೈಯಾರೆ ಬರೆದ ಸಾಲು ಇರುವ ತನಕ ಯಂತ್ರ ಅದನ್ನೇ ನಂಬುತ್ತದೆ. "ನಾನ್ ಹೇಳಿದ್ದೇ ವೇದವಾಕ್ಯ ಅಂತ ಕೂತಿದೆ ಪಾಪ" ಎಂದರು. ವೈರು ವಾಪಸ್ ಹಾಕಿಸಿ, ಮೂರೂ ಕಡೆಯ ಹಳೆಯ ಸಾಲುಗಳನ್ನು ಒಂದೊಂದಾಗಿ ಓದುತ್ತಾ ಅಳಿಸಿದರು. ವರ್ಷಗಳಿಂದ ಬರೆದಿದ್ದ ದಾರಿಗಳು. ಆ ತಾರಸಿಯ ಬಿಸಿಲಿನಲ್ಲಿ ನಿಂತು ಒಂದೊಂದನ್ನೂ ಕೇಳಿಸಿಕೊಂಡೆ. ಸಾಕು ಅತ್ತಿಗೆ, ಒಂದೆರಡು ಇರಲಿ ಬಿಡಿ ಎನ್ನಬೇಕೆನ್ನಿಸಿತು.

"ಈಗ ಕೀಳು."

ಕಿತ್ತೆ. "ಇಲ್ಲ... ಇಲ್ಲ..." ಓನರಮ್ಮನೂ ಸಂಡಿಗೆ ಬಿಟ್ಟು ಹತ್ತಿರ ಬಂದು ನಿಂತರು. "ಇಲ್ಲ..."

"ಬಂತು! ಬಂತು ಕಣೋ! ಪಕ್ಕದ್ ಬೀದಿಗೆ ಹೋಗೋಕೆ ಏರ್‌ಪೋರ್ಟ್ ರೋಡೆಲ್ಲ ಸುತ್ತಾಕ್ಕೊಂಡು ಹುಣಸಮಾರನಹಳ್ಳಿಯಿಂದ ಬಂತು ನೋಡು, ಕ್ಯಾಬ್ ಡ್ರೈವರ್ ಥರ!"

ಅವರಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಗು ಕೆಮ್ಮಾಗಿ, ಕೆಮ್ಮು ಏದುಸಿರಾಗಿ, ಆಮೇಲೆ ಫೋನು ಸುಮ್ಮನಾಯಿತು. "ಇದ್ದೀನಿ, ಇದ್ದೀನಿ. ವೈರ್ ಹಾಕ್ಬಿಟ್ಟು ಬಾ, ಊಟ ಮಾಡೋಣ" ಎಂದರು.

ಮನೆಗೆ ಬಂದಾಗ ತೆರೆಯ ಮೇಲಿನ ಪಟ್ಟಿ ತೋರಿಸಿದರು. ಅದರಲ್ಲಿ ಅವರ ಕೈಯ ಸಾಲು ಒಂದೇ ಉಳಿದಿತ್ತು. ಗೊತ್ತಿಲ್ಲದ ವಿಳಾಸಗಳನ್ನೆಲ್ಲ ಹೊರಗಿನ ಇಂಟರ್‌ನೆಟ್ಟಿಗೆ ಕಳಿಸುವ ಸಾಲು. "ಇದೊಂದನ್ನ ಯಾರೂ ಹೇಳ್ಕೊಡಲ್ಲ ಇದಕ್ಕೆ. ನಾವೇ ಬರೀಬೇಕು. ಮುಟ್ಬೇಡ" ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ನೋಡಲು ಹೋದಾಗ ಮಲಗಿಕೊಂಡೇ, "ತಿಂಡಿ ಆಯ್ತಾ?" ಎಂದರು. ಆಮೇಲೆ, "ಬ್ಯಾಟರಾಯನಪುರ ಎದ್ದಿದ್ಯಾ?" ಎದ್ದಿದೆ ಅತ್ತಿಗೆ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಮುಖದಲ್ಲಿ ನೆಮ್ಮದಿ ಇತ್ತು. ಡಾಕ್ಟರು ಮನೆಗೆ ಕಳಿಸುವ ಮಾತಾಡುತ್ತಿದ್ದಾಗ ಜ್ವರ ಬಂತು. ಆ ಜ್ವರ ಇಳಿಯಲಿಲ್ಲ...

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ, ಮನೆ ತುಂಬ ನೆಂಟರಿದ್ದರು. ಕೂರಲಾಗದೆ ನಾನು ಮಹಡಿಗೆ ಹೋದೆ. ಅವರು ಕಲಿಸಿದ್ದ ಕಮಾಂಡು ಹಾಕಿ ಪಕ್ಕದ ಯಂತ್ರಗಳ ಪಟ್ಟಿ ನೋಡಿದೆ. ಬ್ಯಾಟರಾಯನಪುರ ಇರಲಿಲ್ಲ. ದಾರಿಗಳ ಪಟ್ಟಿ ನೋಡಿದರೆ, ಅಲ್ಲಿಗೆ ಹೋಗುವುದೆಲ್ಲ ಹುಣಸಮಾರನಹಳ್ಳಿಯನ್ನು ಸುತ್ತಿಕೊಂಡು ಹೋಗುತ್ತಿತ್ತು. ಆಮೇಲೆ ಗೊತ್ತಾಯಿತು, ಹಿಂದಿನ ದಿನವೇ ರಸ್ತೆ ಕೆಲಸದ ಜೆಸಿಬಿ ನಮ್ಮ ಕಂಬವನ್ನು ಬೀಳಿಸಿತ್ತು. ನಾವೆಲ್ಲ ಸ್ಮಶಾನದಲ್ಲಿದ್ದ ಹೊತ್ತಿನಲ್ಲಿ ಯಂತ್ರ ಹಲೋಗಾಗಿ ಕಾದು, ಬರಲಿಲ್ಲವೆಂದು ತಿಳಿದು, ಬೇರೆ ದಾರಿ ಹಿಡಿದಿತ್ತು. ಒಬ್ಬ ಗಿರಾಕಿಯೂ ಫೋನ್ ಮಾಡಿರಲಿಲ್ಲ. ಯಾರ ಮನೆಯಲ್ಲೂ ಏನೂ ನಿಂತಿರಲಿಲ್ಲ.

ಅತ್ತಿಗೆಗೆ ಹೇಳಬೇಕೆಂದು ಫೋನ್ ಕೈಗೆ ತೆಗೆದುಕೊಂಡೆ. ಅವರ ಹೆಸರಿನ ತನಕ ಹೋಗಿ ಬೆರಳು ನಿಂತಿತು. ಅವರ ಫೋನು ಅಲ್ಲೇ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲಿತ್ತು.

ಆಮೇಲೆ ಅಣ್ಣನೂ ನಾನೂ ಒಂದಷ್ಟು ವರ್ಷ ನಡೆಸಿದೆವು. ಈಗ ದೊಡ್ಡ ಕಂಪನಿಯ ಫೈಬರ್ ಎಲ್ಲ ಬೀದಿಗಳಿಗೂ ಬಂದಿದೆ. ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಹೋದರು. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಹೋದ ವಾರ ಯಂತ್ರ ಆರಿಸುವ ಮುಂಚೆ ಕೊನೆಯ ಸಲ ದಾರಿಗಳ ಪಟ್ಟಿ ತೆಗೆದು ನೋಡಿದೆ. ಅವರು ಮುಟ್ಟಬೇಡವೆಂದ ಸಾಲು ಹಾಗೇ ಇತ್ತು. ಅಣ್ಣ ಬಾಗಿಲಲ್ಲಿ ನಿಂತು, "ನಾನ್ ಆರ್ಸ್ಲಾ? ನೀನ್ ಏಳು" ಎಂದ. ನಾನೇ ಆರಿಸಿದೆ. ಫ್ಯಾನು ನಿಂತ ಮೇಲೆ ಆ ಕೋಣೆ ಅಷ್ಟು ನಿಶ್ಶಬ್ದವಾಗಬಹುದೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಧೂಳನ್ನು ಒರೆಸಲಿಲ್ಲ. ತಗಡು ಹಾಕಿ ಸ್ಕ್ರೂ ತಿರುಗಿಸಿದೆ.

ನಮ್ಮ ಮನೆಯಲ್ಲಿ ಈಗಲೂ ಬೆಳಿಗ್ಗೆ ದೋಸೆ ಆಗುತ್ತದೆ, ಇಂಟರ್‌ನೆಟ್ ಬರುತ್ತದೆ, ನನ್ನ ಫೋನೂ ಬಡಿದುಕೊಳ್ಳುತ್ತದೆ. ತಿಂಡಿ ಆಯ್ತಾ ಎಂದು ಯಾರೂ ಕೇಳುವುದಿಲ್ಲ.