ಮಾಳವ್ವನ ಮಗಳ ಹಸಿರು ತಾಟುಗಳು

ಗಂಗಾವತಿಯ ದ್ರಾಕ್ಷಾಯಿಣಿ ಸ್ಟೀಲ್ ಪಾತ್ರೆ ಮಾರುವವಳು. ಕುಷ್ಟಗಿ, ಯಲಬುರ್ಗಾ ಕಡೆಯ ಓಣಿಗಳಲ್ಲಿ ಹೊಸ ಡಬರಿ ಕೊಟ್ಟು ಹಳೆಯ ಚೀನಿ ತಾಟು ಕೇಳುತ್ತಾಳೆ. ಒಂದು ಮನೆಯಲ್ಲಿ ಅದು ಕೋಳಿಗೆ ನೀರಿಡುವ ತಾಟು, ಇನ್ನೊಂದರಲ್ಲಿ ಮೊಸರ ಗಡಿಗೆಯ ಮುಚ್ಚಳ. ಎಳೆ ಹುಣಸೆ ಎಲೆಯ ಬಣ್ಣದ, ಕೈಯಿಟ್ಟರೆ ಕೆರೆಯ ನೀರಿನಂತೆ ತಣ್ಣಗಿರುವ ಈ ದಪ್ಪ ತಾಟುಗಳು ನಿಜಾಮನ ಕಾಲದಲ್ಲಿ ಹೈದರಾಬಾದಿನಿಂದ ದೊಡ್ಡ ಮನೆಗಳಿಗೆ ಬಂದವು. ಘೋರಿ ತಾಟು ಎನ್ನುತ್ತಿದ್ದರು. ವಿಷ ಬಿದ್ದರೆ ತಾನೇ ಸೀಳುತ್ತದೆ ಎಂಬ ನಂಬಿಕೆ.

ಆ ನಂಬಿಕೆಯೇ ಅವಳ ತಾಯಿಯನ್ನು ತಿಂದಿತು. ಯಲಬುರ್ಗಾ ಸೀಮೆಯ ಮಂಗಳೂರೆಂಬ ಹಳ್ಳಿಯಲ್ಲಿ ಧಣಿ ಪ್ರಭುರಾಜನ ಮನೆಗೆ ಮಾಳವ್ವ ಅಡುಗೆಯವಳು. ಒಂದು ಚಳಿಯ ಬೆಳಿಗ್ಗೆ ಅವಳು ಹುಗ್ಗಿ ಬಡಿಸುತ್ತಲೇ ಧಣಿಯ ತಾಟು ಸೀಳಿತು. "ವಿಷ ಹಾಕ್ಯಾಳ, ಹೊರಗ ಹಾಕ್ರಿ ಈಕಿನ್ನ!" ಎಂದು ಪ್ರಭುರಾಜ ತುಂಬಿದ ಪಂಕ್ತಿಯಲ್ಲಿ ಕೂಗಿದ. ಅವಳು ಸಾಯುವವರೆಗೆ ಆ ಊರಿನಲ್ಲಿ ಯಾರೂ ಅವಳ ಕೈಯಿಂದ ನೀರು ಕುಡಿಯಲಿಲ್ಲ.

ಮಗಳಿಗೆ ಬೇಕಾದದ್ದು ಒಂದೇ. ಅದೇ ಬಾಯಿ, ಪಂಕ್ತಿಯ ನಡುವೆಯೇ, ಆ ಮಾತನ್ನು ನುಂಗಬೇಕು.

ಕೂಡಿಸಿದ ತಾಟುಗಳನ್ನು ಅವಳು ಬೆರಳಿನಿಂದ ತಟ್ಟಿ ಆಲಿಸುತ್ತಿದ್ದಳು. ಗಂಟೆಯಂತೆ ಮೊಳಗಿದವು ಗಟ್ಟಿ. ಮಂಕಾಗಿ ಸದ್ದು ಮಾಡಿದವುಗಳ ಒಳಗೆ ಕೂದಲೆಳೆಯ ಬಿರುಕು. ತಣ್ಣಗಿದ್ದಾಗ ಕುದಿಯುವುದು ಬಿದ್ದರೆ ಸೀಳುತ್ತವೆ. ಒಂದಕ್ಕೆ ಬಿಸಿ ಗಂಜಿ ಸುರಿದೇ ಅದನ್ನು ಕಲಿತಳು. ಅಂದು ನಕ್ಕಳು. ಆಮೇಲೆ ಎರಡೂ ಹೋಳುಗಳನ್ನು ಎದೆಗೊತ್ತಿಕೊಂಡು ಅತ್ತಳು.

ಮನೆಯ ತಾಟುಗಳನ್ನೆಲ್ಲ ಕಳೆದುಕೊಂಡು ಈಗ ಮುದುಕನಾಗಿದ್ದ ಪ್ರಭುರಾಜ, ಅವಳ ಬಳಿ ಘೋರಿ ತಾಟುಗಳಿವೆಯೆಂದು ಕೇಳಿ, ತಾನೇ ಅವಳನ್ನು ಹುಡುಕಿಕೊಂಡು ಬಂದ. ಅವಳು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ.

"ಸೊಸಿ ಬಸುರಿ, ಕುಬಸ ಐತವ್ವ. ಬೀಗರ ಮುಂದ ನಮ್ಮಪ್ಪನಂಗ ಘೋರಿ ತಾಟಿನ್ಯಾಗ ಉಣಬೇಕು."

"ರೊಕ್ಕ ಬ್ಯಾಡ, ಹಂಗ ಒಯ್ರಿ ಧಣ್ಯಾರ. ಉಣ್ಣೂದು ನೋಡಾಕ ನನ್ನ ಕರೀರಿ, ಸಾಕು. ಮೊದಲ ಸವಟು ಸೊಸಿ ಕೈಲೆ ಬೀಳಲಿ, ಛಲೋ ಶಕುನ."

ಮಂಕು ಸದ್ದಿನ ತಾಟನ್ನೇ ಕೊಟ್ಟಳು.

ಕುಬಸದ ದಿನ ಅದನ್ನು ಹರವಿಯ ತಣ್ಣೀರಿನಲ್ಲಿ ಅದ್ದಿ, ಒರೆಸಿ, ಧಣಿಯ ಮುಂದಿಟ್ಟವಳೂ ಅವಳೇ. ಬಸುರಿ ಸೊಸೆ ಐಶ್ವರ್ಯ ಕುದಿಯುವ ಗೋಧಿ ಹುಗ್ಗಿ ಬಡಿಸಿದಳು. ಟಪ್ಪೆಂದು ತಾಟು ಇಬ್ಭಾಗವಾಯಿತು.

ಪಂಕ್ತಿಯ ಹಳಬರು ಕೈ ಹಿಂದೆಳೆದರು. ಎಲ್ಲರ ಕಣ್ಣೂ ಹುಡುಗಿಯ ಕೈ ಮೇಲೆ. ಅವಳ ತಂದೆ ಎದ್ದು ನಿಂತ.

"ಏನ್ರಿ ಧಣ್ಯಾರ, ಸೊಸಿ ವಿಷ ಹಾಕ್ಯಾಳೇನು?" ಎಂದಳು ದ್ರಾಕ್ಷಾಯಿಣಿ.

"ಹುಚ್ಚೀ! ಹುಗ್ಗಿ ಸುಡಾಕತ್ತಿತ್ತು, ತಾಟು ಹಳೇದು, ಸೀಳ್ತು. ವಿಷ ಎಲ್ಲೀದು?"

"ಮಾಳವ್ವನ ಹುಗ್ಗಿನೂ ಸುಡಾಕತ್ತಿತ್ರಿ. ನಾ ಆಕಿ ಮಗಳು."

ಪ್ರಭುರಾಜ ಸೀಳಿದ ತಾಟನ್ನು ಬದಿಗೆ ಸರಿಸಿದ.

"ಹೇಳ್ರಿ. ಆಕಿ ವಿಷ ಹಾಕಿದ್ದು ಖರೇ ಆದ್ರ, ಈಕಿ ಹಾಕಿದ್ದೂ ಖರೇನ."

ಅವನು ಬೀಗರತ್ತ ನೋಡಿದ, ಸವಟು ಹಿಡಿದು ನಿಂತಿದ್ದ ಸೊಸೆಯತ್ತ ನೋಡಿದ. "ಮಾಳವ್ವ... ವಿಷ ಹಾಕಿದ್ದಿಲ್ಲ."

"ಕಡೀ ಸಾಲಿನವ್ರಿಗೆ ಕೇಳಲಿಲ್ರಿ."

ಮುದುಕ ಎದ್ದು ನಿಂತು ಮತ್ತೆ ಹೇಳಿದ.

ದ್ರಾಕ್ಷಾಯಿಣಿ ಊಟಕ್ಕೆ ಕೂರಲಿಲ್ಲ. ಅಂಗಳದಲ್ಲಿ ಚಪ್ಪಲಿ ಮೆಟ್ಟುವಾಗ ಐಶ್ವರ್ಯ ಹಿಂದೆ ಬಂದಳು.

"ನಿಮ್ಮ ಸಿಟ್ಟಿಗೆ ನನ್ನ ಯಾಕ ಮುಂದ ಮಾಡಿದ್ರಿ ಅಕ್ಕಾ? ಜೀವ ಹೋದಂಗಾತು."

ದ್ರಾಕ್ಷಾಯಿಣಿ ಅವಳ ಬಳೆ ತುಂಬಿದ ಕೈ ಹಿಡಿದಳು. "ತನ್ನ ಮನಿಯವ್ರನ್ನ ಬಿಟ್ಟು ಬ್ಯಾರೆಯವ್ರ ಸಲುವಾಗಿ ಆ ಬಾಯಿಂದ ಈ ಮಾತು ಎಂದೂ ಬರ್ತಿದ್ದಿಲ್ಲವ್ವ."

ಹುಡುಗಿ ಕೈ ಬಿಡಿಸಿಕೊಂಡಳು.