ನಾನು ಅವಿಭಾಜ್ಯವೆಂದ ಸಂಖ್ಯೆ

“ನನ್ನ ದನಿ ನಿನ್ನ ಹತ್ರ ಅದ ಅಲ್ಲಾ, ತಗೊಂಡು ಬಾ.”

ಮೆಸೇಜ್ ಕಳಿಸಿದವರು ಕಮಲಾಪುರದ ನನ್ನ ಗಣಿತದ ಸರ್. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಮಾತು ಬಂದಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ದಿನ ಮೊದಲು ಪ್ರತಿಯೊಬ್ಬರ ಹಾಲ್‌ಟಿಕೆಟ್ ನಂಬರಿನ ಗುಣ ಹೇಳುವುದು ಅವರ ಪದ್ಧತಿ. ಇದು ಒಂಬತ್ತರಿಂದ ಭಾಗವಾಗುತ್ತದೆ, ಇದು ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟು ಯಾರಿಗೂ ಬಗ್ಗುವುದಿಲ್ಲ, ಹೀಗೆ. (ಇದನ್ನೇ ಮಿಮಿಕ್ರಿ ಮಾಡಿ ನಾನು ಎಷ್ಟೋ ಮದುವೆಗಳಲ್ಲಿ ಉಂಡಿದ್ದೇನೆ.)

ಕಲಬುರಗಿಯ ಗಾಜಿಪುರದ ಮನೆಯಿಂದ ಓಡೋಡಿ ಬಂದು ಬಸ್ ಹಿಡಿದೆ. ಹೆಮ್ಮೆ ಬೇರೆ.

ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ನಾನು ನಿಂತೆ, ಸರ್ ಪಕ್ಕದ ಕುರ್ಚಿಯಲ್ಲಿ ಕುಳಿತರು. ನಾನು ಅವರ ನೋಟ್‌ಬುಕ್ ಹಿಡಿದು ಅವರ ದನಿಯಲ್ಲಿ ಶುರು ಮಾಡಿದೆ. 4072518: ಅಂಕಿಗಳ ಮೊತ್ತ ಇಪ್ಪತ್ತೇಳು, ಮೇಲಾಗಿ ಸಮಸಂಖ್ಯೆ, ಹಾಗಾಗಿ ಹದಿನೆಂಟರಿಂದ ಭಾಗವಾಗುತ್ತದೆ. ಚಪ್ಪಾಳೆ.

ಮುಂದಿನದು 4072519, ಶಿವಲೀಲಾ ಎಂಬ ಹುಡುಗಿಯದು. ಸರ್ ಬರೆದದ್ದು ಇಷ್ಟೇ: ಹನ್ನೊಂದರಿಂದ ಭಾಗವಾಗುತ್ತದೆ, ತಾಳೆ ನೋಡು. ಸಪ್ಪೆ ಅನಿಸಿತು. ಇದಕ್ಕೆ ಚಪ್ಪಾಳೆ ಎಲ್ಲಿಂದ ಬರಬೇಕು?

“ಅವಿಭಾಜ್ಯ ಅದವ್ವ. ನಿನ್ನ ಒಡಿಯೋದು ಯಾರ ಕೈಲೂ ಆಗಂಗಿಲ್ಲ” ಎಂದುಬಿಟ್ಟೆ.

ಕ್ಲಾಸ್ ಎದ್ದು ಕುಣಿಯಿತು. ಹುಡುಗಿ ಮಾತ್ರ ಅಂಗೈ ಮೇಲೆ ಪೆನ್ನಿನಿಂದ ಏನೋ ಬರೆಯುತ್ತಿದ್ದಳು. ಆಮೇಲೆ ಎದ್ದು ನಿಂತು, ನನ್ನನ್ನಲ್ಲ, ಸರ್ ಅವರನ್ನು ಕೇಳಿದಳು.

“ಒಂದು ಬಿಟ್ಟು ಒಂದು ಅಂಕಿ ಕೂಡಿಸಿದ್ರ ಈ ಕಡಿ ಇಪ್ಪತ್ತೈದು, ಆ ಕಡಿ ಮೂರು. ಕಳದ್ರ ಇಪ್ಪತ್ತೆರಡು ಬರ್ತದ್ರಿ. ಹನ್ನೊಂದರಿಂದ ಹೋಗಬೇಕಲ್ರಿ. ಹಂಗಾದ್ರ ನಾ ಕಲ್ತದ್ದೇ ತಪ್ಪದ ಏನ್ರಿ ಸರ್?”

ಪಕ್ಕದಲ್ಲಿದ್ದ ಟೀಚರ್ ಪಿಸುಗುಟ್ಟಿದರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಈಕೆ ಗಣಿತ ಫೇಲಂತೆ. ಭಾಗಾಕಾರವೆಂದರೆ ಅಳುತ್ತಿದ್ದಳಂತೆ. ಮಾತು ಬಾರದ ಸರ್ ತಿಂಗಳುಗಟ್ಟಲೆ ಸ್ಲೇಟಿನ ಮೇಲೆ ಬರೆದು ಬರೆದು ಕಲಿಸಿದ ಮೊದಲ ನಿಯಮವೇ ಹನ್ನೊಂದರದು. ಅವಳಿಗೆ ಅದನ್ನು ಮಾಡಿ ತೋರಿಸುವ ಭಾಗ್ಯ ಸಿಗಲೆಂದು ಆ ಸಪ್ಪೆ ಸಾಲು ಬರೆದಿದ್ದರು. ನಾನದನ್ನು ಎರಡು ಚಪ್ಪಾಳೆಗೆ ಮಾರಿಬಿಟ್ಟಿದ್ದೆ.

ಸರ್ ಬಾಯಿ ತೆರೆದರು. ಗಾಳಿ ಬಂತು, ಮಾತು ಬರಲಿಲ್ಲ. ಎದ್ದು ಹೋಗಿ ಬೋರ್ಡಿನ ಮೇಲೆ 11 × 370229 ಎಂದು ಬರೆದು, ಚಾಕ್‌ಪೀಸ್ ಅವಳ ಕೈಗೆ ಕೊಟ್ಟರು. ಗುಣಿಸಿದಳು. 4072519. ಸರ್ ತಲೆದೂಗಿದರು.

ಆಮೇಲೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಅದನ್ನೂ ಮಿಮಿಕ್ರಿ ಮಾಡಿಕೊಂಡು ಬದುಕುತ್ತಿದ್ದೆ.

“ತಪ್ಪು ನಂದವ್ವ. ಸರ್ ಬರೋಬ್ಬರಿ ಬರ್ದಾರ” ಎಂದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆಂದು ನನಗೆ ಹೊಳೆದದ್ದು ತಡವಾಗಿ: ಅದನ್ನೂ ನಾನು ಸರ್ ದನಿಯಲ್ಲೇ ಹೇಳಿದ್ದೆ.

ಊರವರೆಲ್ಲರ ಹಾಗೆ ಮಾತಾಡಬಲ್ಲವನಿಗೆ, ಕ್ಷಮೆ ಕೇಳಲಿಕ್ಕಾದರೂ ಸ್ವಂತದ್ದೊಂದು ದನಿ ಬೇಡವೇ?